ಗ್ರಿಪ್ ನೋಡಿ ಮೋಸ ಹೋಗಬೇಡಿ, ಲಾರಿ ಟೈರಿನ ವಯಸ್ಸು ನೋಡಿ

ಲಾರಿ ಇಟ್ಟುಕೊಂಡವರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು ಇದನ್ನೊಮ್ಮೆ ಓದಿ. 2024ರ ನವೆಂಬರಿನಲ್ಲಿ ಯಲ್ಲಾಪುರ ದಾರಿಯ ಅರಬೈಲ್ ಘಟ್ಟ ಹತ್ತುವಾಗ ನನ್ನ ಲಾರಿಯ ಮುಂದಿನ ಎಡಗಡೆ ಟೈರ್ ಸಿಡಿಯಿತು. ಬೋಳಾದ ಟೈರಲ್ಲ ಅದು. ಗ್ರಿಪ್ ಅರ್ಧದಷ್ಟು ಹಾಗೇ ಇತ್ತು.

ನನ್ನದು ಕುಮಟಾ ಕಡೆಯ ಆರು ಚಕ್ರದ ಗಾಡಿ. ಚಿರೆಕಲ್ಲಿನ ಬಾಡಿಗೆಯೇ ಜಾಸ್ತಿ. 2020ರಲ್ಲಿ ತಗೊಂಡಾಗ ಮಾರಿದವರು, "ಟೈರ್ ಎಲ್ಲ ಹೊಸದು ಹಾಕ್ಸಿದ್ದೇನೆ, ಮೂರು ವರ್ಷ ಆ ಕಡೆ ನೋಡುವುದೇ ಬೇಡ" ಎಂದಿದ್ದರು. ಕಪ್ಪಗೆ ಹೊಳೆಯುತ್ತಿದ್ದವು. ನಾನೂ ನೋಡಲಿಲ್ಲ.

ಜೂನ್ ಬಂತೆಂದರೆ ನಮ್ಮ ಕಡೆ ಕಲ್ಲಿನ ಕ್ವಾರಿಯಲ್ಲಿ ನೀರು ತುಂಬುತ್ತದೆ. ಆಮೇಲೆ ನಾಲ್ಕು ತಿಂಗಳು ಗಾಡಿ ಮನೆ ಪಕ್ಕ ನಿಂತೇ ಇರುತ್ತದೆ. ದಿನಾ ಹುಬ್ಬಳ್ಳಿಗೆ ಓಡುವವರ ಟೈರ್ ಹಳೆಯದಾಗುವ ಮೊದಲೇ ಸವೆದು ಹೋಗುತ್ತದೆ. ನನ್ನದು ಉಲ್ಟಾ, ಸವೆಯದೇ ಮುದಿಯಾಯಿತು. ಗಾಡಿ ಓಡಲಿ, ನಿಲ್ಲಲಿ, ರಬ್ಬರ್ ಗಾಳಿಗೆ ಬಿಸಿಲಿಗೆ ಗಟ್ಟಿಯಾಗುತ್ತಲೇ ಹೋಗುತ್ತದೆ. ಆಮೇಲೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಬಿರುಕಿನಲ್ಲಿ ನೀರು ಇಳಿದರೆ ರೇಡಿಯಲ್ ಟೈರಿನ ಒಳಗಿನ ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ. ನಮ್ಮ ಕರಾವಳಿಯ ಮಳೆಯಲ್ಲಿ ನೀರಿಗೇನು ಬರವಾ?

ಡ್ರೈವರ್ ಹೇಳಿದ್ದ. ಅಕ್ಟೋಬರಿನಲ್ಲಿ ಗಾಡಿ ತೊಳೆಯುವಾಗ, "ಅಣ್ಣಾ, ಮುಂದಿನ ಟೈರ್ ಗೆರೆ ಬಿಟ್ಟಿದೆ, ಒಂದ್ಸಲ ನೋಡಿ" ಎಂದ. "ಗ್ರಿಪ್ ಇದೆಯಲ್ಲ ಮಾರಾಯಾ, ಈ ಸೀಸನ್ ಮುಗಿಯಲಿ" ಎಂದೆ. ಆಗ ಒಂದು ಟೈರಿಗೆ ಇಪ್ಪತ್ತು ಸಾವಿರದ ಮೇಲಾಗುತ್ತಿತ್ತು, ಯಾರಿಗೆ ಮನಸ್ಸು ಬರುತ್ತದೆ ಹೇಳಿ. ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಎಂಬ ಸರ್ಟಿಫಿಕೇಟಿನ ತಪಾಸಣೆ ಕೂಡ ಪಾಸಾಗಿತ್ತು. ಅಲ್ಲಿ ಬೇಕಾದ್ದು ಗ್ರಿಪ್ಪಿನ ಆಳ, ಕಡಿಮೆ ಅಂದರೆ 1.6 ಮಿಲಿಮೀಟರ್. ನನ್ನದರಲ್ಲಿ ಅದರ ನಾಲ್ಕು ಪಟ್ಟು ಇತ್ತು.

ಅವತ್ತು ಯಲ್ಲಾಪುರಕ್ಕೆ ಲೋಡ್. ರಾಮನಗುಳಿಯಲ್ಲಿ ಚಾ ಕುಡಿದು ಹೊರಟೆವು. ಘಟ್ಟದ ತಿರುವೊಂದರಲ್ಲಿ ಢಮ್ ಎಂದಿತು. ನಾನು ಕ್ಯಾಬಿನ್ನಿನಲ್ಲೇ ಇದ್ದೆ. ಸ್ಟೇರಿಂಗ್ ಡ್ರೈವರ್ ಕೈಯಿಂದ ಕಿತ್ತುಕೊಂಡ ಹಾಗೆ ಎಡಕ್ಕೆ ತಿರುಗಿತು. ಎಡಗಡೆ ಗುಡ್ಡ ಇತ್ತು. ಗಟಾರಕ್ಕೆ ಇಳಿದು, ಗುಡ್ಡಕ್ಕೆ ಬಂಪರ್ ಒತ್ತಿ ನಿಂತಿತು. ಸಿಡಿದದ್ದು ಬಲಗಡೆಯದಾಗಿದ್ದರೆ? ಎದುರಿನಿಂದ ಟ್ಯಾಂಕರ್ ಇಳಿಯುತ್ತಿತ್ತು. ಅದರ ಡ್ರೈವರ್ ಮುಖ ಇನ್ನೂ ನೆನಪಿದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸ್ಟೆಪ್ನಿ ಇಳಿಸಿದೆವು. ಕೆಳಗಿಂದ ಕರೆಸಿದ ಪಂಕ್ಚರ್ ಅಂಗಡಿಯವರು ಅದನ್ನು ಒಂದು ಸುತ್ತು ಉರುಳಿಸಿ ನೋಡಿ, "ಇದನ್ನು ಮುಂದೆ ಹಾಕುವುದಾದರೆ ನಾನು ನಟ್ಟು ಬಿಗಿಯುವುದಿಲ್ಲ" ಎಂದರು. ಬದಿಯಲ್ಲಿದ್ದ ನಾಲ್ಕು ಅಂಕೆ ತೋರಿಸಿದರು: 2611. ಅಂದರೆ 2011ನೇ ಇಸವಿಯ 26ನೇ ವಾರ ತಯಾರಾದದ್ದು. ಹದಿಮೂರು ವರ್ಷದ ಟೈರನ್ನು ಆಪತ್ತಿಗೆ ಅಂತ ಹೊತ್ತು ತಿರುಗುತ್ತಿದ್ದೆ! ಸಿಡಿದದ್ದರ ಮೇಲೆ 3115 ಎಂದಿತ್ತು. 2020ರ "ಹೊಸ" ಟೈರ್ ಹುಟ್ಟಿದ್ದು 2015ರಲ್ಲಿ. ಐದು ವರ್ಷ ಯಾರದೋ ಗೋಡೌನಿನಲ್ಲಿತ್ತೋ, ಬೇರೆ ಗಾಡಿಯಲ್ಲಿ ಓಡಿತ್ತೋ, ದೇವರೇ ಬಲ್ಲ.

ಈ ಅಂಕೆ ಹುಡುಕುವುದು ಕಷ್ಟವಲ್ಲ. ಹೆಚ್ಚಾಗಿ ಟೈರಿನ ಬದಿಯಲ್ಲಿ ಡಿ, ಒ, ಟಿ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿರುತ್ತದೆ. ಮೊದಲ ಎರಡು ಅಂಕೆ ತಯಾರಾದ ವಾರ, ಆಮೇಲಿನ ಎರಡು ಅಂಕೆ ಇಸವಿ. ಆದರೆ ಎಷ್ಟೋ ಟೈರಿನಲ್ಲಿ ಒಂದೇ ಬದಿಗೆ ಇರುತ್ತದೆ. ನನ್ನ ಗಾಡಿಯಲ್ಲಿ ಅದು ಒಳಬದಿಗಿತ್ತು. ಮೊಬೈಲ್ ಟಾರ್ಚ್ ಹಿಡಿದು ಗಾಡಿ ಅಡಿಗೆ ನುಗ್ಗಿ ನೋಡಿ, ನಾಚಿಕೆ ಬೇಡ. ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದನ್ನಂತೂ ಬಿಡಲೇಬೇಡಿ. ಅದರ ಗಾಳಿ ಇಳಿದರೂ ಹೊರಗಿನದು ಭಾರ ಹೊರುವುದರಿಂದ ಗೊತ್ತಾಗುವುದಿಲ್ಲ. ರಾಡಿನಿಂದ ಹೊಡೆದು ಸದ್ದು ಕೇಳಿದರೆ ಪೂರ್ತಿ ಇಳಿದದ್ದು ತಿಳಿದೀತು, ಅರ್ಧ ಇಳಿದದ್ದು ತಿಳಿಯುವುದಿಲ್ಲ. ಗೇಜ್ ಹಾಕಿಯೇ ನೋಡಬೇಕು. ಕಡಿಮೆ ಗಾಳಿಯಲ್ಲಿ ಲೋಡ್ ಹೊತ್ತರೆ ಟೈರಿನ ಬದಿ ಮಡಚಿ ಮಡಚಿ ಕಾಯುತ್ತದೆ, ಹಳೇ ರಬ್ಬರ್ ಆ ಬಿಸಿ ತಡೆಯುವುದಿಲ್ಲ.

ರೀಸೋಲ್ (ಹಳೇ ಟೈರಿನ ಮೇಲೆ ಹೊಸ ಗ್ರಿಪ್ ಕೂರಿಸುವುದು) ಮಾಡಿಸಿದರಾಯಿತು ಎಂದು ಒಬ್ಬರು ಹೇಳಿದರು. ಹಿಂದಿನ ಚಕ್ರಕ್ಕೆ, ಒಳಮೈ ಗಟ್ಟಿಯಿದ್ದರೆ ಸರಿ. ಬಿರುಕು ಬಿಟ್ಟ ಹಳೇ ಟೈರಿಗೆ ಹೊಸ ಗ್ರಿಪ್ ಅಂಟಿಸಿದರೆ ಏನು ಸಿಕ್ಕಿತು? ಮುಂದಿನ ಚಕ್ರಕ್ಕಂತೂ ನಾನು ಒಪ್ಪುವುದಿಲ್ಲ. ಇನ್ಶೂರೆನ್ಸ್ ಕೇಳಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ಬರೀ ಟೈರ್ ಹೋದರೆ ಕೊಡುವುದಿಲ್ಲ.

ಹಲವು ಟೈರ್ ಕಂಪನಿಗಳು ಹೇಳುವುದು ಇಷ್ಟು: 5 ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ, 10 ವರ್ಷವಾದರೆ ಹೇಗೇ ಕಾಣಲಿ, ಸ್ಟೆಪ್ನಿಯೇ ಆಗಲಿ, ತೆಗೆಯಿರಿ. ಘಟ್ಟ ಹತ್ತಿಳಿಯುವ ನನ್ನ ಗಾಡಿಯಲ್ಲಿ ಮುಂದಿನ ಜೋಡಿಗೆ ನಾನು ಆರು ವರ್ಷವೇ ಕೊನೆ ಎಂದು ಇಟ್ಟುಕೊಂಡಿದ್ದೇನೆ. ಬದಿಯಲ್ಲಿ ಹುಬ್ಬು ಬಂದರೆ ಅಷ್ಟೂ ಕಾಯುವುದಿಲ್ಲ.

ತೆಗೆದ ಟೈರುಗಳನ್ನು ಒಬ್ಬರು ತಮ್ಮ ಲಾರಿಗೆ ಕೇಳಿಕೊಂಡು ಬಂದಿದ್ದರು, "ಗ್ರಿಪ್ ಚೆನ್ನಾಗಿದೆಯಲ್ಲ" ಎಂದು. ಕೊಡಲಿಲ್ಲ. ಬದಿಗೆ ಕತ್ತಿ ಹಾಕಿ ಸೀಳಿದೆ. ಈಗ ಅವು ತದಡಿ ಬಂದರಿನಲ್ಲಿ ಒಂದು ಬೋಟಿನ ಪಕ್ಕೆಗೆ ನೇತಾಡುತ್ತಿವೆ.