ಕೆರೆತಳದ ಗಿಡಗಳ ಸಮೀಕ್ಷೆ: ರೇಕೋ, ಗಾಜಿನ ಬಕೆಟ್ಟೋ?

ಅಯ್ಯನಕೆರೆಯಂಥ ದೊಡ್ಡ ಕೆರೆಗೆ ನನ್ನ ಆಯ್ಕೆ ಹಗ್ಗ ಕಟ್ಟಿ ಎಸೆದು ತಳದ ಗಿಡ ಎಳೆದು ತೆಗೆಯುವ ರೇಕ್ (ಹಲ್ಲಿನ ಕುಂಟೆ). ಗಾಜಿನ ತಳದ ಬಕೆಟ್ಟಿನಲ್ಲಿ ನೋಡಿ ಬರೆದ ಪಟ್ಟಿ ಅಚ್ಚುಕಟ್ಟಾಗಿರುತ್ತದೆ ನಿಜ. ಆದರೆ ನೋಡುವವರು ಬದಲಾದರೆ ಅಂಕಿಯೂ ಬದಲಾಗುತ್ತದೆ.

ಬಕೆಟ್ಟಿನ ದೊಡ್ಡ ತಲೆನೋವು, ಗಿಡ ಎಷ್ಟು ಜಾಗ ಮುಚ್ಚಿದೆ ಎಂಬ ಶೇಕಡಾವಾರು ಅಂದಾಜು. ತಳಕ್ಕೆ ಬಿಟ್ಟ 50 ಸೆಂ.ಮೀ. ಚೌಕವೊಂದನ್ನೇ ನೋಡಿ ಒಬ್ಬರು 30 ಎಂದರೆ ಇನ್ನೊಬ್ಬರು 50 ಎನ್ನುತ್ತಾರೆ. ಹೈಡ್ರಿಲ್ಲಾ ನೀರಿನ ಮೇಲ್ಮೈ ಹತ್ತಿರ ಬಂದು ಕವಲೊಡೆದು ಹರಡುವ ಗಿಡ. ಬುಡ ಎರಡೇ ಇದ್ದರೂ ಮೇಲಿಂದ ಚೌಕವೆಲ್ಲ ತುಂಬಿದಂತೆ ಕಾಣುತ್ತದೆ, ಅಡಿಯ ವ್ಯಾಲಿಸ್ನೇರಿಯಾ ಗಿಡ ಲೆಕ್ಕಕ್ಕೇ ಸಿಗುವುದಿಲ್ಲ. ಸಾಲದ್ದಕ್ಕೆ ಹರಿಗೋಲು ತಿರುಗುತ್ತಿರುತ್ತದೆ. ಬಕೆಟ್ ಕೈ ಬದಲಾಗುವಷ್ಟರಲ್ಲಿ ನೋಟದ ಕೋನವೂ ಬೇರೆ.

ಚೌಕಕ್ಕೆ 10 ಸೆಂ.ಮೀ.ಗೊಂದರಂತೆ ದಾರ ಕಟ್ಟಿದರೆ 25 ಮನೆಗಳಾಗುತ್ತವೆ, ಮನೆಗೆ ಶೇ. 4. ಅರ್ಧಕ್ಕಿಂತ ಹೆಚ್ಚು ತುಂಬಿದ ಮನೆಗಳನ್ನಷ್ಟೇ ಎಣಿಸಿದರೆ ವ್ಯತ್ಯಾಸ ತಗ್ಗುತ್ತದೆ. ಆದರೆ ಎತ್ತರದ ಗಿಡವನ್ನು ಅದೇ ದಾರ ಅಡ್ಡ ಮಲಗಿಸಿ, ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಗಿಡ ಮುಚ್ಚಿದ ಜಾಗವನ್ನು ಕೆಲವೇ ದರ್ಜೆಗಳಾಗಿ ವಿಂಗಡಿಸುವ ಬ್ರಾನ್-ಬ್ಲಾಂಕೆ ಮಾಪನ ಬಳಸಿದರೂ ಶೇ. 24ಕ್ಕೂ 26ಕ್ಕೂ ದರ್ಜೆಯೇ ಬೇರೆ.

ಮಳೆಗಾಲದ ಕೆಂಪು ನೀರಿನಲ್ಲಿ ಬಕೆಟ್ ಹೊರತೆಗೆಯುವುದೇ ಬೇಡ.

ರೇಕಿಗೆ ಬೇಕಾದ್ದು ಬೆನ್ನಿಗೆ ಬೆನ್ನು ಸೇರಿಸಿ ವೆಲ್ಡ್ ಮಾಡಿಸಿದ ಎರಡು ರೇಕ್ ತಲೆ, ಮೀಟರಿಗೊಂದು ಗುರುತಿರುವ 10 ಮೀ. ಹಗ್ಗ. ಎಸೆದು, ತಳ ಮುಟ್ಟಿ ಹಗ್ಗ ಸಡಿಲವಾಗುವವರೆಗೆ ಕಾದು, 1 ಮೀ. ಎಳೆದು, ನಿಧಾನವಾಗಿ ಎತ್ತಬೇಕು. ಕೆಸರು ಕೊಡವುವ ಮೊದಲೇ ಅಂಕ: ಅಲ್ಲೊಂದು ಇಲ್ಲೊಂದು ಎಳೆಯಿದ್ದರೆ 1, ಹಲ್ಲು ಅರ್ಧ ತುಂಬಿದ್ದರೆ 2, ಹಲ್ಲೇ ಕಾಣದಿದ್ದರೆ 3. ಮೂರೇ ಅಂಕವಾದ್ದರಿಂದ ಇಬ್ಬರ ನಡುವೆ ಭಿನ್ನಾಭಿಪ್ರಾಯ ಕಡಿಮೆ.

ರೇಕೂ ತಪ್ಪುತ್ತದೆ. ವ್ಯಾಲಿಸ್ನೇರಿಯಾದ ರಿಬ್ಬನ್ನಿನಂಥ ಎಲೆ ಹಲ್ಲಿನ ಸಂದಿಯಲ್ಲಿ ಜಾರುತ್ತದೆ, ನಾಜಾಸ್ ಎಂಬ ಗಿಡ ಮುರಿದು ಉದುರುತ್ತದೆ, ಬೇರಿಲ್ಲದ ಸೆರಾಟೋಫಿಲ್ಲಮ್ ಗಿಡ ಮಾತ್ರ ಧಾರಾಳವಾಗಿ ಬರುತ್ತದೆ. ಆದರೆ ಎಸೆತ, ಎಳೆತ ಒಂದೇ ರೀತಿ ಇಟ್ಟುಕೊಂಡರೆ ಯಾರ ಕೈಯಲ್ಲೂ ತಪ್ಪು ಬಹುಮಟ್ಟಿಗೆ ಒಂದೇ ದಿಕ್ಕಿನದು. ವರ್ಷದಿಂದ ವರ್ಷಕ್ಕೆ ಹೋಲಿಸಲು ನನಗೆ ಬೇಕಾದ್ದು ಅದು.

ಗಿಡ ಕೈಗೆ ಬರುವುದೂ ಸಣ್ಣ ಲಾಭವಲ್ಲ. ಮೀನು ಹಿಡಿಯುವವರು ಎಲ್ಲಕ್ಕೂ ‘ಪಾಚಿ’ ಅನ್ನುತ್ತಾರೆ, ಬಕೆಟ್ಟಿನೊಳಗಿಂದ ನಮಗೂ ಹಾಗೇ ಕಾಣುತ್ತದೆ. ಬಿಳಿ ತಟ್ಟೆಯ ನೀರಿನಲ್ಲಿ ಬಿಡಿಸಿಟ್ಟರೆ ಸೆರಾಟೋಫಿಲ್ಲಮ್ ಎಲೆ ಕವಲೊಡೆದಿರುತ್ತದೆ. ಹೈಡ್ರಿಲ್ಲಾದ್ದು ಒಂದೇ ಅಲಗು, ಬೆರಳ ನಡುವೆ ಎಳೆದರೆ ಅಂಚಿನ ಹಲ್ಲು ಒರಟಾಗಿ ತಾಗುತ್ತದೆ.

ದಡದ ತಿಳಿನೀರಿನಲ್ಲಿ, ಗಿಡ ಕೀಳದೆ ನೋಡಬೇಕಾದಲ್ಲಿ ಬಕೆಟ್ಟೇ ಸರಿ. ಇಬ್ಬರ ತಂಡ, ಅರ್ಧ ದಿನ, ಕಡಿಮೆ ದುಡ್ಡು ಅಂದರೆ ರೇಕ್. ಯಾವುದಾದರೂ ಸರಿ, ಹತ್ತು ಜಾಗಕ್ಕೊಂದರಲ್ಲಿ ಎರಡನೆಯವರು ಮೊದಲಿನ ಹಾಳೆ ನೋಡದೆ ಬರೆಯಲಿ. ಅಂಕ ಹೊಂದದಿದ್ದರೆ ತಿದ್ದಬೇಡಿ, ಎರಡನ್ನೂ ಹಾಗೇ ಇಟ್ಟುಕೊಳ್ಳಿ.