ಬಾಡಿಗೆ ಮನೆಯ ಡೆಪಾಸಿಟ್ ಯಾರ ಕೈಯಲ್ಲಿರಬೇಕು? ಮೂರು ದಾರಿ ನೋಡಿದ ಮೇಲೆ

ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಮನೆ ಇದೆ. 2019ರಲ್ಲಿ ಕೆಲಸ ಬದಲಾಗಿ ನಾವು ಲೀಡ್ಸ್‌ಗೆ ಬಂದೆವು, ಆ ಮನೆಯನ್ನು ಬಾಡಿಗೆಗೆ ಕೊಟ್ಟೆವು. ಅಲ್ಲಿಂದ ಮೂರು ಸಂಸಾರ ಬಂದು ಹೋಗಿವೆ. ಮೂರು ಸಲವೂ ಡೆಪಾಸಿಟ್ ಇಡೋಕೆ ಬೇರೆ ಬೇರೆ ದಾರಿ ಹಿಡಿದೆ. ಮೊದಲನೆಯದರಲ್ಲಿ ದುಡ್ಡೂ ಹೋಯಿತು, ನಿದ್ದೆಯೂ ಹೋಯಿತು. ಇಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ಕನ್ನಡದವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಿಯಮ ಮೊದಲು ಹೇಳಿಬಿಡುತ್ತೇನೆ. 2007ರ ಏಪ್ರಿಲ್‌ನಿಂದ ಇಲ್ಲಿ ಸಾಮಾನ್ಯ ಬಾಡಿಗೆಯ ಡೆಪಾಸಿಟ್ಟನ್ನು ಸರ್ಕಾರ ಒಪ್ಪಿದ ಡೆಪಾಸಿಟ್ ರಕ್ಷಣೆಯ ಸ್ಕೀಮಿನಲ್ಲಿ ದಾಖಲಿಸಲೇಬೇಕು. ದುಡ್ಡು ಬಂದ 30 ದಿನದೊಳಗೆ ಆ ಕೆಲಸ ಆಗಬೇಕು, ಅದರ ವಿವರದ ಕಾಗದವೂ ಬಾಡಿಗೆದಾರರ ಕೈಗೆ ಸೇರಬೇಕು. 2019ರ ಜೂನ್‌ನಿಂದ ಮೊತ್ತಕ್ಕೂ ಮಿತಿ ಬಂತು. ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆ, ಅದಕ್ಕಿಂತ ಒಂದು ಪೆನ್ನಿ ಜಾಸ್ತಿ ತಗೊಳ್ಳುವ ಹಾಗಿಲ್ಲ. ನಮ್ಮ ಬಾಡಿಗೆ ಆಗ ತಿಂಗಳಿಗೆ 1,050 ಪೌಂಡ್. ಲೆಕ್ಕ ಹಾಕಿದರೆ ಡೆಪಾಸಿಟ್ 1,211 ಪೌಂಡ್ 53 ಪೆನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಬಿಟ್ಟುಕೊಟ್ಟು ಬಂದವನು ನಾನು. ಈ ನಿಯಮ ನೋಡಿ ನಿಜಕ್ಕೂ ಖುಷಿಯಾಗಿತ್ತು.

ಮೊದಲ ದಾರಿ: ಎಲ್ಲವನ್ನೂ ಏಜೆಂಟ್‌ಗೆ ಬಿಡುವುದು. ಬಾಡಿಗೆಯಲ್ಲಿ ನೂರಕ್ಕೆ 12 ಅವರಿಗೆ. ಡೆಪಾಸಿಟ್ ಅವರ ಖಾತೆಯಲ್ಲೇ ಇರುತ್ತದೆ, ಸ್ಕೀಮಿಗೆ ಫೀಸ್ ಕಟ್ಟಿ ಅದಕ್ಕೆ ವಿಮೆ ಮಾಡಿಸುತ್ತಾರೆ. ಇದನ್ನು ಇನ್ಶೂರ್ಡ್ ಅನ್ನುತ್ತಾರೆ. ಬಾಡಿಗೆಗೆ ಬಂದವಳು ಒಬ್ಬ ನರ್ಸ್ ಹುಡುಗಿ. ಎರಡು ವರ್ಷ ಮನೆಯನ್ನು ಕನ್ನಡಿ ಹಾಗೆ ಇಟ್ಟುಕೊಂಡಿದ್ದಳು. 2021ರ ಆಗಸ್ಟಿನಲ್ಲಿ ಖಾಲಿ ಮಾಡಿದಳು. ಏನಾದರೂ ಹಿಡಿಯೋದಿದೆಯಾ ಅಂತ ಏಜೆಂಟ್ ಕೇಳಿದರು, ಏನೂ ಇಲ್ಲ, ಪೂರ್ತಿ ಕೊಡಿ ಅಂದೆ. ಮೊತ್ತ ಒಪ್ಪಿಗೆಯಾದ ಹತ್ತು ದಿನದಲ್ಲಿ ದುಡ್ಡು ವಾಪಸ್ ಹೋಗಬೇಕು.

ಅಕ್ಟೋಬರ್‌ನಲ್ಲಿ ಅವಳೇ ಫೋನ್ ಮಾಡಿದಳು. ದುಡ್ಡು ಬಂದಿಲ್ಲ. ಏಜೆಂಟರನ್ನು ಕೇಳಿದರೆ ಓನರ್ ಒಪ್ಪಬೇಕು ಅಂದಿದ್ದಾರೆ. ನನಗೆ ಫೋನ್ ಮಾಡಿದ್ದು ದುಡ್ಡು ಕೇಳೋಕೂ ಅಲ್ಲ, ತನ್ನಿಂದ ಏನು ತಪ್ಪಾಯಿತು ಅಂತ ಕೇಳೋಕೆ. ನಾನು ಏಜೆಂಟ್‌ಗೆ ಫೋನ್ ಮಾಡಿದೆ. ಅಕೌಂಟ್ಸ್‌ನವರ ಹತ್ತಿರ ಇದೆ, ನಾಳೆ ಆಗುತ್ತದೆ. ಮರುವಾರವೂ ಅದೇ ನಾಳೆ. ಆಮೇಲೆ ಫೋನೇ ಎತ್ತಲಿಲ್ಲ.

ಆಗ ಡೆಪಾಸಿಟ್ ಸರ್ಟಿಫಿಕೇಟ್ ಕೊಡಿ ಅಂತ ಈಮೇಲ್ ಹಾಕಿದೆ. ಎರಡು ವರ್ಷ ಅದನ್ನು ಕೇಳದೇ ಇದ್ದದ್ದು ನನ್ನ ತಪ್ಪು. ಬಂದ ಕಾಗದದಲ್ಲಿ ಎರಡು ತಾರೀಕು ಇದ್ದವು. ದುಡ್ಡು ಪಡೆದದ್ದು 28 ಆಗಸ್ಟ್ 2019. ದಾಖಲಿಸಿದ್ದು 14 ಅಕ್ಟೋಬರ್ 2019. ಬೆರಳು ಮಡಚಿ ಎಣಿಸಿದೆ, 47 ದಿನ. ವಿವರದ ಕಾಗದವಂತೂ ಆ ಹುಡುಗಿಗೆ ತಲುಪಿಯೇ ಇರಲಿಲ್ಲ. ಹಾಗಾಗಿ ಸ್ಕೀಮಿನವರ ಹತ್ತಿರ ನೇರವಾಗಿ ದೂರು ಕೊಡಬಹುದು ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ.

ಇಂಥ ತಪ್ಪಿಗೆ ಕೋರ್ಟು ಡೆಪಾಸಿಟ್ಟಿನ ಒಂದರಿಂದ ಮೂರು ಪಟ್ಟು ದಂಡ ಹಾಕಬಹುದು. ತಡ ಮಾಡಿದ್ದು ಏಜೆಂಟ್ ಆದರೂ ಮಾಲೀಕ ಅದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಏಜೆಂಟ್ ಅಂದರೆ ನನ್ನ ಪರವಾಗಿ ಕೆಲಸ ಮಾಡುವವರು. ಅವರ ತಪ್ಪು ನನ್ನ ತಲೆ ಮೇಲೇ ಬರುತ್ತದೆ. ಇದನ್ನು ಓದಿದ ರಾತ್ರಿ ಸುಮ್ನೆ ಕೂತಿದ್ದೆ. ಹೆಂಡತಿ ಒಂದೇ ಮಾತು ಕೇಳಿದಳು. "ರೀ, ದುಡ್ಡು ನಮ್ಮ ಹತ್ರ ಇಲ್ಲ ಅಂತ ನೀವೂ ಅಂದುಬಿಟ್ರೆ ಆ ಹುಡುಗಿ ಯಾರ ಹತ್ರ ಹೋಗ್ಬೇಕು?"

ಮರುದಿನವೇ ನನ್ನ ಖಾತೆಯಿಂದ 1,211 ಪೌಂಡ್ 53 ಪೆನ್ಸ್ ಕಳಿಸಿದೆ. ದಂಡ ಕೇಳುವ ಹಕ್ಕು ಇದೆ ಅಂತಲೂ ನಾನೇ ಅವಳಿಗೆ ತಿಳಿಸಿದೆ. ಕೊನೆಗೆ ಇನ್ನೊಂದು ಅಷ್ಟೇ ಮೊತ್ತ ಕೊಟ್ಟು, ಬರವಣಿಗೆಯಲ್ಲಿ ಮುಗಿಸಿಕೊಂಡೆವು. ಏಜೆಂಟ್ ಮೇಲೆ ಲಿಖಿತ ದೂರು ಕೊಟ್ಟೆ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ ಇಂಥ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆಯಾದ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಹೋಗುತ್ತೇನೆ ಅಂತ ಬರೆದೆ. ಏಳನೇ ವಾರ ಡೆಪಾಸಿಟ್ಟಿನ ದುಡ್ಡು ನನಗೆ ಬಂತು. ದಂಡದ ಬಾಬ್ತು ಕೊಟ್ಟದ್ದು ಮಾತ್ರ ಬರಲೇ ಇಲ್ಲ.

ಎರಡನೇ ದಾರಿ: ನನ್ನ ಹೆಸರಿನಲ್ಲಿ, ಕಸ್ಟೋಡಿಯಲ್ ಸ್ಕೀಮಿನಲ್ಲಿ. 2021ರಲ್ಲಿ ಹೊಸಬರು ಬಂದಾಗ ಬಾಡಿಗೆದಾರರನ್ನು ಹುಡುಕಿ ಕೊಡುವುದಷ್ಟೇ ಏಜೆಂಟ್ ಕೆಲಸ ಅಂತ ಮಾಡಿಕೊಂಡೆ. ಡೆಪಾಸಿಟ್ಟನ್ನು ನಾನೇ ಸ್ಕೀಮಿಗೆ ಕಟ್ಟಿದೆ. ಡಿಪಿಎಸ್ (ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್), ಮೈಡೆಪಾಸಿಟ್ಸ್, ಟಿಡಿಎಸ್ (ಟೆನೆನ್ಸಿ ಡೆಪಾಸಿಟ್ ಸ್ಕೀಮ್) ಅಂತ ಮೂರು ಸಂಸ್ಥೆಗಳಿವೆ, ಮೂರರಲ್ಲೂ ಈ ಸೌಲಭ್ಯ ಇದೆ. ದುಡ್ಡು ಅವರ ಹತ್ತಿರವೇ ಇರುತ್ತದೆ. ನಾನೂ ಮುಟ್ಟುವ ಹಾಗಿಲ್ಲ, ಏಜೆಂಟೂ ಮುಟ್ಟುವ ಹಾಗಿಲ್ಲ. ಫೀಸೂ ಇಲ್ಲ. ಕಂಪ್ಯೂಟರ್ ಮುಂದೆ ಇಪ್ಪತ್ತು ನಿಮಿಷದ ಕೆಲಸ.

ಈ ಸಲ ನಿಜವಾಗಿಯೇ ಒಂದು ಜಗಳ ಬಂತು. 2023ರಲ್ಲಿ ಅವರು ಬಿಟ್ಟಾಗ ಬೆಡ್‌ರೂಮಿನ ಕಾರ್ಪೆಟ್ ಮೇಲೆ, ಕಿಟಕಿ ಪಕ್ಕದಲ್ಲಿ, ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತು ಇತ್ತು. ಮೂತಿ ಚೂಪು, ಹಿಂದೆ ಅಗಲ, ಕಂದು ಬಣ್ಣ. ಕೈ ಆಡಿಸಿದರೆ ನೂಲು ಕರಗಿ ಗಟ್ಟಿಯಾದದ್ದು ಬೆರಳಿಗೆ ಚುಚ್ಚುತ್ತಿತ್ತು. 2017ರಲ್ಲಿ 420 ಪೌಂಡ್ ಕೊಟ್ಟು ಹಾಕಿಸಿದ ಕಾರ್ಪೆಟ್. ಪೂರ್ತಿ 420 ಕೇಳಿದೆ. ಅಡಿಗೆಮನೆ ಗೋಡೆಯ ಮೊಳೆ ತೂತುಗಳಿಗೆ 60 ಪೌಂಡ್ ಕೇಳಿದೆ. ಅವರು ಒಪ್ಪಲಿಲ್ಲ.

ತಕರಾರಿಲ್ಲದ ಮೊತ್ತ ಮೊದಲೇ ಅವರಿಗೆ ಹೋಯಿತು. ಉಳಿದದ್ದನ್ನು ಸ್ಕೀಮಿನವರು ಹಿಡಿದುಕೊಂಡು, ಇಬ್ಬರಿಂದಲೂ ದಾಖಲೆ ತರಿಸಿಕೊಂಡು ತೀರ್ಮಾನ ಹೇಳಿದರು. ಅದಕ್ಕೆ ಸುಮಾರು ಒಂದು ತಿಂಗಳು ಹಿಡಿಯಿತು. ಕಾರ್ಪೆಟ್ಟಿನ ಬಾಳಿಕೆ ಹತ್ತು ವರ್ಷ, ಆರು ವರ್ಷ ಆಗಲೇ ಸವೆದಿದೆ, ಉಳಿದದ್ದು ನಾಲ್ಕು. ಹಾಗಾಗಿ 168 ಪೌಂಡ್. ಮೊಳೆ ತೂತಿಗೆ ಸೊನ್ನೆ, ಯಾಕಂದರೆ ಅವರು ಬರುವ ಮೊದಲು ತೆಗೆದ ಫೋಟೋಗಳಲ್ಲಿ ಆ ಗೋಡೆ ಇರಲಿಲ್ಲ. ನನಗೆ ಕಡಿಮೆಯೇ ಬಂತು. ಆದರೂ ಇದು ನ್ಯಾಯ ಅನ್ನಿಸಿತು. ಡೆಪಾಸಿಟ್ ಬಾಡಿಗೆದಾರರ ದುಡ್ಡು, ಅದರಲ್ಲಿ ಪಾಲು ಬೇಕಾದವನು ತಾನೇ ಸಾಬೀತು ಮಾಡಬೇಕು, ಅಲ್ವಾ?

ಈ ದಾರಿಯ ಕೊರತೆ ಒಂದೇ. ಇಬ್ಬರೂ ಒಪ್ಪುವವರೆಗೆ, ಇಲ್ಲವೇ ತೀರ್ಮಾನ ಬರುವವರೆಗೆ, ತಕರಾರಿನ ದುಡ್ಡು ಕದಲುವುದಿಲ್ಲ. ಒಬ್ಬರು ಉತ್ತರ ಕೊಡದೆ ಹೋದರೆ ಇನ್ನೊಬ್ಬರೇ ಅರ್ಜಿ ಹಾಕುವ ದಾರಿ ಇದೆ, ಅದು ನಿಧಾನ.

ಮೂರನೆಯದು: ನನ್ನ ಹತ್ತಿರವೇ ದುಡ್ಡು, ನನ್ನ ಹೆಸರಿನಲ್ಲೇ ಇನ್ಶೂರ್ಡ್. 2023ರಿಂದ 2025ರವರೆಗೆ ಹೀಗೆ ಮಾಡಿದೆ. ಸಣ್ಣ ಫೀಸ್ ಕಟ್ಟಿದೆ. ಬಾಡಿಗೆದಾರರು ಬಿಟ್ಟ ಎರಡೇ ದಿನದಲ್ಲಿ ವಾಪಸ್ ಕೊಟ್ಟೆ, ವೇಗದಲ್ಲಿ ಇದೇ ಮೊದಲು. ಆದರೆ ನಡುವೆ ಬಾಯ್ಲರ್ ಕೆಟ್ಟು ದೊಡ್ಡ ಖರ್ಚು ಬಂದಾಗ ಅದೇ ಖಾತೆಯಲ್ಲಿದ್ದ ಡೆಪಾಸಿಟ್ ಮೇಲೆ ನನ್ನ ಕಣ್ಣು ಹೋಯಿತು. ಮುಟ್ಟಲಿಲ್ಲ. ಆದರೂ ಹಾಗೆ ಅನ್ನಿಸಿದ್ದೇ ನನಗೆ ಹಿಡಿಸಲಿಲ್ಲ.

ಈಗ ಕೆಲವು ಏಜೆಂಟರು ಡೆಪಾಸಿಟ್ ಬದಲು ಒಂದು ವಾರದ ಬಾಡಿಗೆಯಷ್ಟು ಫೀಸ್ ಕಟ್ಟಿಸುವ ವ್ಯವಸ್ಥೆ ಹೇಳುತ್ತಾರೆ. ಆ ಫೀಸ್ ವಾಪಸ್ ಬರಲ್ಲ, ಹಾನಿಯಾದರೆ ಬಾಡಿಗೆದಾರರೇ ಕೊಡಬೇಕು. ಇದು ಅವರಿಗೆ ವಿಮೆ ಅಲ್ಲ. ನಾನು ಬೇಡ ಅಂದೆ.

ಊರಿಗೆ ವಾಪಸ್ ಹೋಗಿ ಅಲ್ಲಿಂದಲೇ ಇಲ್ಲಿನ ಮನೆ ನೋಡಿಕೊಳ್ಳುವವರಿಗೆ ಏಜೆಂಟ್ ಬೇಕೇ ಬೇಕು, ಗೊತ್ತು. ಅವರು ಗ್ರಾಹಕರ ಹಣದ ರಕ್ಷಣೆಯ ಸ್ಕೀಮಿನಲ್ಲಿ ಇದ್ದಾರಾ ನೋಡಿ, 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ಡೆಪಾಸಿಟ್ಟನ್ನು ಮಾತ್ರ ಕಸ್ಟೋಡಿಯಲ್‌ನಲ್ಲೇ ಇಡಿ ಅಂತ ಬರೆಸಿಕೊಳ್ಳಿ. ಸರ್ಟಿಫಿಕೇಟ್ 30 ದಿನದೊಳಗೆ ನಿಮ್ಮ ಕೈಗೂ ಬರಲಿ.

ಮುಂದಿನ ತಿಂಗಳು ನಮ್ಮ ಮನೆಗೆ ಹೊಸಬರು ಬರುತ್ತಿದ್ದಾರೆ. ಈಗಿನ ಏಜೆಂಟ್ ಕಳಿಸಿದ ಒಪ್ಪಂದದಲ್ಲಿ ಡೆಪಾಸಿಟ್ ತಮ್ಮ ಬಳಿ ಇರುತ್ತದೆ ಅಂತ ಒಂದು ಸಾಲು ಇತ್ತು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ ವಾಪಸ್ ಕಳಿಸಿದ್ದೇನೆ. ಬಾಡಿಗೆಗೆ ಬರುತ್ತಿರುವ ಹುಡುಗನ ಡೆಪಾಸಿಟ್ಟನ್ನು ಅವನ ತಂದೆ ಕಟ್ಟುತ್ತಿದ್ದಾರೆ. ಹಾಗಾಗಿ ವಿವರದ ಕಾಗದ ಇಬ್ಬರಿಗೂ ಹೋಗಬೇಕು. ಎರಡು ಪ್ರತಿ ತೆಗೆದು ಇಟ್ಟಿದ್ದೇನೆ.