ಏವನ್ ನದಿಯ ಮೇಲೆ ದೋಣಿ: ನ್ಯಾರೋಬೋಟಿನಲ್ಲಿ ಒಂದು ಹಗಲು

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗುವ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಹಿರಿಯರಿಗೆ ನಾನು ಲಂಡನ್ನಿಗಿಂತ ಮೊದಲು ಕೆನೆಟ್ ಮತ್ತು ಏವನ್ ಕಾಲುವೆಯನ್ನು ಶಿಫಾರಸು ಮಾಡುತ್ತೇನೆ. ಬ್ರಾಡ್‌ಫರ್ಡ್-ಆನ್-ಏವನ್ ಊರಿನಲ್ಲಿ ಒಂದು ಹಗಲಿನ ಮಟ್ಟಿಗೆ ನ್ಯಾರೋಬೋಟ್, ಅಂದರೆ ಕಿರಿದಾದ ಕಾಲುವೆ ದೋಣಿ, ಬಾಡಿಗೆಗೆ ಸಿಗುತ್ತದೆ; ನಡೆಸಲು ಲೈಸೆನ್ಸ್ ಬೇಕಿಲ್ಲ, ಬಾತ್ ನಗರದ ಕಡೆಗೆ ಹೋದರೆ ಮೈಲಿಗಟ್ಟಲೆ ಲಾಕ್‌ಗಳ (ನೀರಿನ ಮಟ್ಟ ಏರಿಳಿಸಿ ದೋಣಿಯನ್ನು ದಾಟಿಸುವ ಗೇಟುಗಳ) ಕಾಟವೂ ಇಲ್ಲ.

ದೋಣಿಯ ಅಗಲ ಏಳು ಅಡಿಗೂ ಕಡಿಮೆ, ಆದರೆ ಉದ್ದ ಬಹಳ. ಹಿಂಬದಿಯಲ್ಲಿ ನಿಂತು ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ ಹೊರಳುತ್ತದೆ, ಅದೂ ತುಸು ತಡವಾಗಿ. ಅಷ್ಟರಲ್ಲಿ ಹಿಂಭಾಗ ಎಡಕ್ಕೆ ಸರಿದು ದಡಕ್ಕೆ ತಾಗುವುದುಂಟು. ವೇಗದ ಮಿತಿ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಇನ್ನೂ ನಿಧಾನವಾಗಿ ಸಾಗಬೇಕು.

ಗಾಜನೂರಿನಿಂದ ಹೊರಡುವ ನಮ್ಮ ತುಂಗಾ ಚಾನಲ್ ಗದ್ದೆಗಳಿಗೆ ನೀರುಣಿಸುತ್ತದೆ. ಆದರೆ 1810ರಲ್ಲಿ ಪೂರ್ಣಗೊಂಡ ಕೆನೆಟ್ ಮತ್ತು ಏವನ್ ಕಾಲುವೆಯನ್ನು ತೋಡಿದ್ದು ಸರಕು ಸಾಗಣೆಗೆ. ಎಂಜಿನಿಯರ್ ಜಾನ್ ರೆನ್ನಿ ವಿನ್ಯಾಸಗೊಳಿಸಿದ ಡಂಡಾಸ್ ಮೇಲ್ಗಾಲುವೆಯ (ಕಾಲುವೆಯನ್ನೇ ಹೊತ್ತ ಸೇತುವೆಯ) ಕಲ್ಲಿನ ಕಮಾನುಗಳ ಮೇಲೆ ದೋಣಿ ತೇಲುತ್ತಿರುವಾಗ ಕೆಳಗೆ ಏವನ್ ನದಿಯೂ ರೈಲು ಹಳಿಯೂ ಕಾಣುತ್ತವೆ. ಕೊಟ್ಟ ಹಣ ಇದೊಂದಕ್ಕೇ ಸಂದಿತು.

ಹೊರಡುವ ಮುನ್ನ ಬಾಡಿಗೆಯವರು ಕೊಡುವ ತರಬೇತಿ ಮಾತ್ರ ತೀರಾ ಅವಸರದ್ದು. ಆ ವೇಗದ ಇಂಗ್ಲಿಷ್ ನನ್ನ ಅತ್ತೆಯವರಿಗಿರಲಿ, ನನಗೂ ಪೂರ್ತಿ ದಕ್ಕಲಿಲ್ಲ. ಇಷ್ಟುದ್ದದ ದೋಣಿಯನ್ನು ತಿರುಗಿಸಲು ಕಾಲುವೆ ಅಗಲವಾಗಿರುವ ಗೊತ್ತಾದ ತಾಣಗಳಷ್ಟೇ ಇರುವುದರಿಂದ, ಅವು ಎಲ್ಲಿವೆಯೆಂದು ನಕ್ಷೆಯಲ್ಲಿ ತೋರಿಸಿಕೊಂಡೇ ಹಗ್ಗ ಬಿಚ್ಚಿರಿ.